ಹಿಮ್ಮಡಿಯ ಒಂದು ತೊಟ್ಟು ರಕ್ತ

ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಸಾಲುಸಾಲಾಗಿ ನಿಂತಿರುವ ನಾಗರಕಲ್ಲುಗಳಲ್ಲಿ ಅನೇಕವು ಸಂತಾನದ ಹರಕೆಯವು. ಮಕ್ಕಳಾಗದವರು ಪ್ರತಿಷ್ಠಾಪಿಸಿದವುಂಟು, ಹುಟ್ಟಿದ ಮಕ್ಕಳು ಉಳಿಯದಿರಲು ನಾಗದೋಷವೇ ಕಾರಣವೆಂದು ನಂಬಿದವರ ಕಲ್ಲುಗಳೂ ಉಂಟು. ನೆಟ್ಟಗೆ ಹುಟ್ಟಿದ ಕೂಸು ವಾರದೊಳಗೆ ಹಾಲು ಬಿಟ್ಟು, ಮಂಕಾಗಿ, ಸೆಳವು ಬಂದು ಕಣ್ಮುಚ್ಚಿದರೆ, ಮುಂದಿನ ಕೂಸಿಗೂ ಅದೇ ಗತಿಯಾದರೆ, ಹೆತ್ತವರು ದೈವದ ಕಡೆಗೆ ತಿರುಗುವುದು ಸಹಜವೇ.

ಇಂಥ ಸಾವುಗಳಲ್ಲಿ ಕೆಲವಕ್ಕೆ ವೈದ್ಯಶಾಸ್ತ್ರ ಬೇರೊಂದು ಕಾರಣವನ್ನು ಹೇಳುತ್ತದೆ. ಆಹಾರದ ಸಸಾರಜನಕವು ದೇಹದಲ್ಲಿ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ಅವುಗಳನ್ನು ಅರಗಿಸಲು ಬೇರೆ ಬೇರೆ ಕಿಣ್ವಗಳು ಬೇಕು. ಒಂದು ಕಿಣ್ವವಿಲ್ಲದೆ ಹುಟ್ಟಿದ ಕೂಸಿಗೆ ತಾಯಿಯ ಹಾಲೇ ವಿಷವಾಗಬಹುದು. ಮೂತ್ರಕ್ಕೆ ಸುಟ್ಟ ಸಕ್ಕರೆಯ ವಾಸನೆ ಬರುವ ಮೇಪಲ್ ಸಿರಪ್ ರೋಗ ಅಂಥದೊಂದು. ದೋಷವುಳ್ಳ ಜೀನು ತಂದೆತಾಯಿ ಇಬ್ಬರಿಂದಲೂ ಬಂದಾಗಲೇ ಈ ರೋಗ. ಅಕ್ಕನ ಮಗಳನ್ನು ತಂದುಕೊಳ್ಳುವ ನಮ್ಮ ಸೀಮೆಯಲ್ಲಿ ಆ ಸಂಭವ ಹೆಚ್ಚು. ಆಸ್ತಿ ಉಳಿಯಿತು, ನಂಟು ಉಳಿಯಿತು ಎನ್ನುವ ಹಿರಿಯರು ಈ ಲೆಕ್ಕವನ್ನೂ ಕೇಳಬೇಕು.

ಕೂಸಿನ ಹಿಮ್ಮಡಿ ಚುಚ್ಚಿ, ರಕ್ತವನ್ನು ಸೋಸುಕಾಗದಕ್ಕೆ ಹೀರಿಸಿ ಪರೀಕ್ಷಿಸುವ ಸರಳ ವಿಧಾನವನ್ನು 1960ರ ದಶಕದಲ್ಲಿ ಬಳಕೆಗೆ ತಂದವರು ಅಮೆರಿಕದ ರಾಬರ್ಟ್ ಗತ್ರಿ. 1980ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಯೋಜನೆಯೊಂದು ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳನ್ನು ಪರೀಕ್ಷಿಸಿತು. ಆ ದಶಕದಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ವಿಚಾರಿಸಿದಾಗ ಸುಮಾರು ಮೂರರಲ್ಲೊಂದು ಮದುವೆ ರಕ್ತಸಂಬಂಧದೊಳಗಿನದೇ ಆಗಿತ್ತು. ಇಂದಿನ ಟ್ಯಾಂಡಮ್ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರ ಒಣರಕ್ತದ ಒಂದೇ ಚುಕ್ಕೆಯಿಂದ ಹತ್ತಾರು ರೋಗಗಳ ಸುಳಿವು ಕೊಡುತ್ತದೆ.

ಹಾಗಾದರೆ ಎಲ್ಲ ರೋಗಗಳನ್ನೂ ಪಟ್ಟಿಗೆ ಸೇರಿಸಬಾರದೇಕೆ ಎಂದು ಶ್ರೋತೃಗಳು ಕೇಳಬಹುದು. ಪಟ್ಟಿಯ ಉದ್ದಕ್ಕಿಂತ ದಿನಗಳ ಲೆಕ್ಕ ದೊಡ್ಡದೆಂದು ನನ್ನ ಎಣಿಕೆ. ಕೂಸು ಒಂದು ದಿನವಾದರೂ ಹಾಲು ಕುಡಿದ ಮೇಲೆ ರಕ್ತ ತೆಗೆಯಬೇಕು. ಮೇಪಲ್ ಸಿರಪ್ ರೋಗವಾದರೋ ವಾರದೊಳಗೇ ಮಿದುಳಿಗೆ ಕೈಹಾಕುತ್ತದೆ. ನಡುವಣ ಆ ಕೆಲವೇ ದಿನಗಳಲ್ಲಿ ಕಾಗದ ಗೌರಿಬಿದನೂರಿನಿಂದ ಬೆಂಗಳೂರಿಗೆ ಹೋಗಬೇಕು, ಫಲಿತಾಂಶ ಬರಬೇಕು, ಬಾಣಂತಿ ತವರಿನಲ್ಲಿರುವಳೋ ಅತ್ತೆಯ ಮನೆಯಲ್ಲಿರುವಳೋ ಹುಡುಕಿ ಕೂಸನ್ನು ಕರೆತರಬೇಕು. ಆಮೇಲೆ ತೊಡಕಿನ ಅಮೈನೋ ಆಮ್ಲಗಳನ್ನು ತೆಗೆದ ವಿಶೇಷ ಹಾಲಿನ ಪುಡಿ ಸಿಗಬೇಕು. ಪಥ್ಯ ಜೀವಮಾನದ್ದು, ಪುಡಿ ಅಗ್ಗದ್ದಲ್ಲ. 2021ರ ಅಪರೂಪದ ರೋಗಗಳ ರಾಷ್ಟ್ರೀಯ ನೀತಿ ನೆರವಿನ ದಾರಿಯೊಂದನ್ನು ತೆರೆಯಿತು, ಬೆಂಗಳೂರಿನಲ್ಲಿಯೂ ಅದರ ಕೇಂದ್ರವಿದೆ. ಆದರೆ ರೋಗವೇ ಗೊತ್ತಾಗದ ಕೂಸು ಆ ಬಾಗಿಲಿಗೆ ಬರುವುದೆಂತು?

ಆದ್ದರಿಂದ ಔಷಧವೋ ಪಥ್ಯವೋ ಇರುವ ರೋಗಗಳನ್ನು ಮೊದಲು ಸೇರಿಸಿ, ತಾಲ್ಲೂಕು ಆಸ್ಪತ್ರೆಗೂ ಪ್ರಯೋಗಾಲಯಕ್ಕೂ ನಡುವಣ ಓಡಾಟವನ್ನು ಬಿಗಿಗೊಳಿಸಬೇಕು. ಹೆರಿಗೆಯಾದ ದಿನವೇ, ತಾಯಿ ಬಾಣಂತನಕ್ಕೆ ಹೋಗಲಿರುವ ಊರಿನ ಹೆಸರನ್ನು ಆ ಸೋಸುಕಾಗದದ ಮೇಲೆ ಬರೆದಿಡುವುದರಿಂದ ಈ ಕೆಲಸವನ್ನು ಆರಂಭಿಸಬಹುದು. ಅದಕ್ಕೆ ಯಂತ್ರವೂ ಬೇಡ, ಹಣವೂ ಬೇಡ.