ಕಪ್ಪಗಿರುವುದೆಲ್ಲ ಕಡಕನಾಥವಲ್ಲ

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಅವರು ಕಡಕನಾಥ ಕೋಳಿಯನ್ನು ಕಂಡಿದ್ದರೆ ಆ ಗಾದೆಗೆ ಇನ್ನೊಂದು ಮಾತನ್ನು ಸೇರಿಸುತ್ತಿದ್ದರೋ ಏನೋ. ಇದರ ಗರಿ ಕಪ್ಪು, ಕೊಕ್ಕು ಕಪ್ಪು, ನಾಲಿಗೆ ಕಪ್ಪು, ಕಾಲು ಕಪ್ಪು. ಗರಿ ತರಿದರೆ ಚರ್ಮವು ಕಪ್ಪು, ಚರ್ಮ ಸುಲಿದರೆ ಮಾಂಸವು ಕಪ್ಪು, ಮಾಂಸ ಬಿಡಿಸಿದರೆ ಎಲುಬಿನ ಹೊದಿಕೆಯೂ ಕಪ್ಪು. ರಕ್ತವು ಮಾತ್ರ ಎಲ್ಲ ಕೋಳಿಗಳಂತೆ ಕೆಂಪು. ಮೊಟ್ಟೆಯೂ ಜನ ಊಹಿಸುವಂತೆ ಕಪ್ಪಲ್ಲ, ನಸುಗಂದು ಬಣ್ಣದ್ದು.

ಇಂತಹ ವಿಚಿತ್ರ ಪಕ್ಷಿಯ ಕುರಿತು ಊರೂರಲ್ಲಿ ಮಾತು ಹಬ್ಬುವುದು ಸಹಜವೇ. ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ಸಂತೆಪೇಟೆಗಳಲ್ಲಿಯೂ ಕಡಕನಾಥದ ಹೆಸರು ಕೇಳಿಬರುತ್ತದೆ. ಅದು ಔಷಧವೆಂದು ಒಬ್ಬರು, ಅದನ್ನು ಸಾಕಿದರೆ ಭಾಗ್ಯ ತೆರೆಯುವುದೆಂದು ಇನ್ನೊಬ್ಬರು. ಅದರ ಹೆಸರೆತ್ತಿದರೆ ನಿಟ್ಟುಸಿರು ಬಿಡುವವರೂ ಉಂಟು. ಅದರ ಕಾರಣವನ್ನು ಮುಂದೆ ಹೇಳುವೆವು. ಕೋಳಿಯನ್ನು ಮನೆಯೊಳಗೆ ತಾರದ ಕುಟುಂಬಗಳವರಿಗೂ ಈ ವೃತ್ತಾಂತವು ಉಪಯುಕ್ತವೆಂದು ನಾವು ಭಾವಿಸುತ್ತೇವೆ. ಒಂದು ಪಕ್ಷಿಯ ನಿಜವಾದ ಗುಣವು ಯಾವುದು, ಜನರು ಅದಕ್ಕೆ ಅಂಟಿಸಿದ ಗುಣವು ಯಾವುದು ಎಂಬ ವಿವೇಚನೆಯು ಎಲ್ಲರಿಗೂ ಬೇಕಾದುದಲ್ಲವೆ?

ಭಿಲ್ಲರ ಅಂಗಳದ ಕೋಳಿ

ಕಡಕನಾಥದ ತವರು ಮಧ್ಯಪ್ರದೇಶದ ಪಶ್ಚಿಮದ ತುದಿ. ಝಾಬುವಾ, ಅದರಿಂದ 2008ರಲ್ಲಿ ಬೇರ್ಪಟ್ಟ ಅಲಿರಾಜಪುರ ಮತ್ತು ನೆರೆಯ ಧಾರ ಜಿಲ್ಲೆಗಳು ಇದರ ಮೂಲ ನೆಲೆ. ಗುಡ್ಡಗಾಡಿನ, ಮಳೆ ಕಡಮೆಯಾದ ಈ ಸೀಮೆಯಲ್ಲಿ ಭಿಲ್ಲ ಹಾಗೂ ಭಿಲಾಲ ಜನರು ತಲೆತಲಾಂತರದಿಂದ ಇದನ್ನು ಸಾಕಿಕೊಂಡು ಬಂದಿದ್ದಾರೆ. ಅವರ ಬಾಯಲ್ಲಿ ಇದರ ಹೆಸರು ‘ಕಾಲಿ ಮಾಸಿ’, ಎಂದರೆ ಕರಿಯ ಮಾಂಸದ್ದು. ದೀಪಾವಳಿಯ ತರುವಾಯ ದೇವಿಗೆ ಈ ಕೋಳಿಯನ್ನು ಅರ್ಪಿಸುವ ವಾಡಿಕೆಯೂ ಅವರಲ್ಲಿದೆ. ಭಿಲ್ಲರು ಮಧ್ಯಪ್ರದೇಶ, ಗುಜರಾತ, ರಾಜಸ್ಥಾನ, ಮಹಾರಾಷ್ಟ್ರಗಳಲ್ಲಿ ಹಂಚಿಹೋದ ಜನ. ರಾಜ್ಯದ ಗೆರೆಯ ಆಚೆ ಈಚೆ ಬಾಳುವುದೆಂದರೇನೆಂಬುದನ್ನು ನಮ್ಮ ಓದುಗರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

ಈ ಗಡಿಯ ತಂಟೆಯು ಕೋಳಿಯನ್ನೂ ಬಿಡಲಿಲ್ಲ. ಝಾಬುವಾದ ಒಂದು ಗ್ರಾಮಾಭಿವೃದ್ಧಿ ಸಂಸ್ಥೆಯು 2012ರಲ್ಲಿ ಕಡಕನಾಥದ ಮಾಂಸಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯನ್ನು ಕೋರಿ ಅರ್ಜಿ ಸಲ್ಲಿಸಿತು. ಅನಂತರ ಛತ್ತೀಸಗಡವು ತನ್ನ ದಂತೇವಾಡಾ ಜಿಲ್ಲೆಯಲ್ಲಿಯೂ ಈ ಕೋಳಿಯನ್ನು ದೊಡ್ಡ ಪ್ರಮಾಣದಲ್ಲಿ ಸಾಕಲಾಗುತ್ತಿದೆಯೆಂದು ಹಕ್ಕು ಮಂಡಿಸಿತು. ಕಡೆಗೆ 2018ರಲ್ಲಿ ಮಾನ್ಯತೆಯು ಝಾಬುವಾದ ಹೆಸರಿಗೇ ದೊರೆಯಿತು.

ರೂಪ ಮತ್ತು ನಡತೆ

ಕಡಕನಾಥದಲ್ಲಿ ಮೂರು ಬಗೆಗಳನ್ನು ಗುರುತಿಸುತ್ತಾರೆ: ಅಚ್ಚ ಕಪ್ಪಿನದು, ಕಪ್ಪು ಗರಿಗಳ ನಡುವೆ ಬೆಳ್ಳಿಯ ಗೀರುಗಳುಳ್ಳದ್ದು, ಹೊನ್ನಿನ ಛಾಯೆಯದು. ಹುಂಜವು 1.8ರಿಂದ 2 ಕಿಲೋಗ್ರಾಂ, ಹೇಂಟೆಯು ಸುಮಾರು 1.25ರಿಂದ 1.5 ಕಿಲೋಗ್ರಾಂ ತೂಗುತ್ತದೆ. ಬ್ರಾಯ್ಲರ್ ಕೋಳಿಯು ಆರು ವಾರಗಳಲ್ಲಿ ಎರಡು ಕಿಲೋ ಮುಟ್ಟಿದರೆ, ಕಡಕನಾಥವು ಒಂದು ಕಿಲೋದ ಹತ್ತಿರ ಬರಲು ಐದು ತಿಂಗಳು ಬೇಕು. ಹೇಂಟೆಯು ಮೊದಲ ಮೊಟ್ಟೆಯಿಡುವುದು ಸುಮಾರು ಆರನೆಯ ತಿಂಗಳಿಗೆ. ವರ್ಷಕ್ಕೆ ಇಡುವ ಮೊಟ್ಟೆಗಳು 80ರಿಂದ 100ರ ಆಸುಪಾಸು. ವ್ಯಾಪಾರಕ್ಕೆಂದೇ ಬೆಳೆಸಿದ ತಳಿಗಳಾದರೋ ಮುನ್ನೂರರಷ್ಟು ಇಡುತ್ತವೆ.

ಇನ್ನೊಂದು ಸೋಜಿಗವುಂಟು. ಈ ಹೇಂಟೆಯು ಕಾವಿಗೆ ಕೂರುವುದರಲ್ಲಿ ಆಸಕ್ತಿಯಿಲ್ಲದ ತಾಯಿ. ಹಾಗಾಗಿ ಅದರ ಮೊಟ್ಟೆಗಳನ್ನು ಬೇರೆ ಕೋಳಿಯ ಮಡಿಲಿಗಿಟ್ಟು ಮರಿ ಮಾಡಿಸುವುದು ಹಳ್ಳಿಯ ಪದ್ಧತಿ. ಕಡಕನಾಥದ ವಂಶವು ಬೆಳೆಯಬೇಕಾದರೆ ಅಂಗಳದಲ್ಲೊಂದು ಸಾದಾ ಕೋಳಿಯೂ ಇರಬೇಕಾಯಿತು.

ಇಷ್ಟಾಗಿಯೂ ಭಿಲ್ಲರು ಅದನ್ನು ಕೈಬಿಡಲಿಲ್ಲವೇಕೆ? ಬಿಸಿಲಿಗೂ ಚಳಿಗೂ ಒಗ್ಗಿ, ಅಂಗಳದಲ್ಲಿ ಬಿದ್ದ ಕಾಳುಕಡಿ, ಹುಳುಹುಪ್ಪಟೆಗಳನ್ನು ಹೆಕ್ಕಿ ತಿಂದು, ಹೆಚ್ಚಿನ ಆರೈಕೆಯನ್ನು ಬೇಡದೆ ಬದುಕುವ ಶಕ್ತಿಯೇ ಅದರ ನಿಜವಾದ ಸಂಪತ್ತು.

ಕಪ್ಪಿನ ಮೂಲ

ಒಳಗೂ ಹೊರಗೂ ಈ ಕಪ್ಪು ಬಂದುದು ಹೇಗೆ? ನಮ್ಮ ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡುವ ಮೆಲನಿನ್ ಎಂಬ ವರ್ಣದ್ರವ್ಯವೇ ಇಲ್ಲಿಯೂ ಕಾರಣ. ಕೋಳಿಯ ಮರಿಯು ಮೊಟ್ಟೆಯೊಳಗೆ ರೂಪುಗೊಳ್ಳುವಾಗ ವರ್ಣವನ್ನು ತಯಾರಿಸುವ ಕಣಗಳು ಬೆನ್ನಿನ ನಡುಗೆರೆಯ ಬಳಿ ಹುಟ್ಟಿ, ಚರ್ಮದಡಿಯ ದಾರಿ ಹಿಡಿದು ಗರಿಗಳನ್ನು ಸೇರುತ್ತವೆ. ಕರಿಮಾಂಸದ ಕೋಳಿಗಳಲ್ಲಿ ಈ ಕಣಗಳು ಮಿತಿಮೀರಿ ವೃದ್ಧಿಗೊಂಡು, ಒಳದಾರಿಯನ್ನೂ ಹಿಡಿದು, ಸ್ನಾಯು, ಎಲುಬಿನ ಹೊದಿಕೆ, ಒಳ ಅವಯವಗಳವರೆಗೆ ಹೋಗಿ ನೆಲೆಸುತ್ತವೆ.

ಇದರ ಒಳಗುಟ್ಟನ್ನು ವಿಜ್ಞಾನಿಗಳು 2011ರಲ್ಲಿ ಪ್ರಕಟಪಡಿಸಿದರು. ಕೋಳಿಯ 20ನೆಯ ವರ್ಣತಂತುವಿನ ಒಂದು ತುಣುಕು ಎಂದೋ ಇಮ್ಮಡಿಯಾಗಿ, ಸ್ಥಾನಪಲ್ಲಟವೂ ಆಗಿದೆ. ವರ್ಣಕಣಗಳಿಗೆ ‘ವೃದ್ಧಿಸಿರಿ’ ಎಂದು ಆಜ್ಞೆಯೀಯುವ ಎಂಡೋಥೆಲಿನ್-3 ಎಂಬ ವಂಶವಾಹಿಯು ಆ ತುಣುಕಿನಲ್ಲಿದೆ. ಒಂದರ ಸ್ಥಾನದಲ್ಲಿ ಎರಡಾದುದರಿಂದ ಆಜ್ಞೆಯು ಮಿತಿಮೀರಿತು.

ಇದಕ್ಕಿಂತಲೂ ಕುತೂಹಲದ ಸಂಗತಿಯೆಂದರೆ, ಚೀನದ ರೇಷ್ಮೆಗರಿಯ ಕೋಳಿ, ಜಾವಾದ್ವೀಪದ ಅಯಾಮ್ ಚೆಮಾನಿ, ವಿಯೆಟ್ನಾಮಿನ ಹ್ಮಾಂಗ್ ಜನರ ಕರಿಕೋಳಿ, ದೂರದ ಸ್ವೀಡನ್ನಿನ ಸ್ವಾರ್ಟ್‌ಹ್ಯೋನಾ, ಈ ಎಲ್ಲವುಗಳಲ್ಲಿಯೂ ಅದೇ ಪಲ್ಲಟವು ಅದೇ ಸ್ಥಾನದಲ್ಲಿ ಕಂಡುಬಂದಿತು. ನಮ್ಮ ಕಡಕನಾಥವೂ ಈ ಬಳಗಕ್ಕೇ ಸೇರಿದುದೆಂಬುದನ್ನು ಭೋಪಾಲದ ಭಾರತೀಯ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಯ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವು ತೋರಿಸಿತು. ಇಷ್ಟು ತೊಡಕಿನ ಪಲ್ಲಟವು ಐದಾರು ಕಡೆ ಬೇರೆಬೇರೆಯಾಗಿ ಸಂಭವಿಸುವುದು ನಂಬಲಾಗದ ಮಾತು. ಎಂದೋ ಒಂದು ಕೋಳಿಯಲ್ಲಿ ಆದ ಆಕಸ್ಮಿಕವು ಮನುಷ್ಯರ ಬುಟ್ಟಿಗಳಲ್ಲಿ, ಹಡಗುಗಳಲ್ಲಿ ದೇಶದಿಂದ ದೇಶಕ್ಕೆ ಸಾಗಿತೆಂದೇ ತಿಳಿಯಬೇಕು. ಹದಿಮೂರನೆಯ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೋ ಎಂಬ ವೆನಿಸಿನ ಪ್ರವಾಸಿಯು ಚೀನದಲ್ಲಿ ಗರಿಯ ಬದಲು ಬೆಕ್ಕಿನಂತೆ ಕೂದಲುಳ್ಳ ಕಪ್ಪು ಕೋಳಿಗಳ ಸಂಗತಿಯನ್ನು ಹೇಳಿರುವನು. ಅಂದು ಅದನ್ನು ಕಟ್ಟುಕಥೆಯೆಂದು ನಕ್ಕವರಿದ್ದರೆ ಆಶ್ಚರ್ಯವಿಲ್ಲ.

ಕೋಳಿಗಳೆಲ್ಲದರ ತವರಿನ ಕುರಿತೂ ಒಂದು ಮಾತು. ಕೆಂಪು ಕಾಡುಕೋಳಿಯೇ ಮನೆಕೋಳಿಗಳ ಪೂರ್ವಜವೆಂದು ಡಾರ್ವಿನ್ 1868ರಲ್ಲಿ ಬರೆದನು. 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು ಚೀನದ ನೈಋತ್ಯ ಭಾಗ, ಉತ್ತರ ಥಾಯ್ಲೆಂಡ್, ಬರ್ಮಾ ಸೀಮೆಗಳ ಕೆಂಪು ಕಾಡುಕೋಳಿಯತ್ತ ಬೆರಳು ತೋರಿದೆ. ಆದರೆ ಅನೇಕ ಮನೆಕೋಳಿಗಳ ಹಳದಿ ಕಾಲು, ಹಳದಿ ಚರ್ಮಗಳು ಮಾತ್ರ ದಕ್ಷಿಣ ಭಾರತದ ಬೂದು ಕಾಡುಕೋಳಿಯಿಂದ ಬಂದುವೆಂದು 2008ರಲ್ಲಿ ತಿಳಿದುಬಂದಿತು. ವಯನಾಡು, ನೀಲಗಿರಿಗಳಲ್ಲಿ ನೆಲೆಸಿದ ನಮ್ಮ ಕನ್ನಡ ಬಂಧುಗಳು ಬೆಳಗಿನ ಹೊತ್ತು ಕಾಡಂಚಿನಲ್ಲಿ ಕೇಳುವ ಕೂಗು ಅದರದೇ.

ಬಣ್ಣವನ್ನು ನಂಬಬಹುದೆ?

ಇನ್ನು ಕೊಳ್ಳುವವರಿಗೆ ಮುಖ್ಯವಾದ ವಿಷಯಕ್ಕೆ ಬರುವೆವು. ಗರಿಯ ಕಪ್ಪು ಬೇರೆ, ಮಾಂಸದ ಕಪ್ಪು ಬೇರೆ. ಕೇರಳದ ತಲಶ್ಶೇರಿ ತಳಿಯ ಗರಿಗಳೂ ನೀಲಿಮಿಶ್ರಿತ ಕಪ್ಪಿನಿಂದ ಹೊಳೆಯುತ್ತವೆ. ಆದರೆ ಅದು ಕರಿಮಾಂಸದ ಕೋಳಿಯಲ್ಲ.

ಮಾಂಸದ ಕಪ್ಪೂ ಸಹ ಶುದ್ಧ ತಳಿಗೆ ಪೂರ್ಣ ಸಾಕ್ಷಿಯಾಗದು. 1911ರಲ್ಲಿ ಬೇಟ್ಸನ್ ಮತ್ತು ಪನೆಟ್ ಎಂಬ ಆಂಗ್ಲ ವಿಜ್ಞಾನಿಗಳು ರೇಷ್ಮೆಗರಿಯ ಕೋಳಿಯನ್ನು ಕಂದು ಲೆಗ್‌ಹಾರ್ನ್ ತಳಿಯೊಡನೆ ಸಂಕರಗೊಳಿಸಿ ಪ್ರಯೋಗದ ಫಲಗಳನ್ನು ಪ್ರಕಟಿಸಿದರು. ಕಪ್ಪು ಹುಂಜವನ್ನು ಲೆಗ್‌ಹಾರ್ನ್ ಹೇಂಟೆಯೊಡನೆ ಕೂಡಿಸಿದಾಗ ಹುಟ್ಟಿದ ಹೇಂಟೆಗಳು ಗಾಢವಾಗಿ ಕಪ್ಪು, ಹುಂಜಗಳು ಬಹುಪಾಲು ಬಿಳಿಚು. ಕಪ್ಪು ಹೇಂಟೆಯನ್ನು ಲೆಗ್‌ಹಾರ್ನ್ ಹುಂಜದೊಡನೆ ಕೂಡಿಸಿದಾಗ ಎರಡೂ ಬಿಳಿಚು. ಕಪ್ಪನ್ನು ಹರಡುವ ವಂಶವಾಹಿಯು ಪ್ರಬಲವಾದುದು; ಅದನ್ನು ಅಡಗಿಸುವ ಬೇರೊಂದು ವಂಶವಾಹಿಯು ಲಿಂಗವನ್ನು ನಿರ್ಣಯಿಸುವ ವರ್ಣತಂತುವಿನ ಮೇಲಿದೆ. ನಮ್ಮ ಬೂದುಗಾಲಿನ ಜವಾರಿ ಕೋಳಿಗಳಲ್ಲಿ ಈ ಅಡಗಿಸುವ ವಂಶವಾಹಿಯು ಇಲ್ಲದಿರಬಹುದು. ಅಂತಹ ಕೋಳಿಯನ್ನು ಕಡಕನಾಥದೊಡನೆ ಬೆರೆಸಿದರೆ ಹುಟ್ಟುವ ಮರಿಗಳು ಹೆಚ್ಚು ಕಡಮೆ ಕಪ್ಪಾಗಿಯೇ ಇರುತ್ತವೆ. ಸಂತೆಯಲ್ಲಿ ಅವನ್ನು ಶುದ್ಧ ಕಡಕನಾಥವೆಂದು ಮಾರುವವನಿಗೆ ಬಣ್ಣವೇ ಸಾಕ್ಷಿ ನುಡಿಯುತ್ತದೆ! ಆದುದರಿಂದ ಮರಿಯ ಬಣ್ಣಕ್ಕಿಂತ ಅದು ಬಂದ ಮನೆಯನ್ನು ವಿಚಾರಿಸುವುದು ಲೇಸು. ಸರಕಾರಿ ಮರಿ ಉತ್ಪಾದನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ, ಇಲ್ಲವೆ ತಾಯಿತಂದೆ ಕೋಳಿಗಳನ್ನು ಕಣ್ಣೆದುರು ತೋರಿಸಬಲ್ಲ ಸಾಕಣೆದಾರ, ಇವರಿಂದಲೇ ಕೊಳ್ಳತಕ್ಕದ್ದು.

ಔಷಧವೆ, ಆಹಾರವೆ?

ಕಡಕನಾಥದ ಮಾಂಸದಲ್ಲಿ ನೂರಕ್ಕೆ 25 ಭಾಗ ಪ್ರೋಟೀನು, ಒಂದು ಭಾಗದಷ್ಟೇ ಕೊಬ್ಬು; ಬ್ರಾಯ್ಲರಿನಲ್ಲಿ ಪ್ರೋಟೀನು 18, ಕೊಬ್ಬು 13ಕ್ಕೂ ಮೇಲೆ, ಎಂಬ ಲೆಕ್ಕವು ಜಾಹೀರಾತುಗಳಲ್ಲಿ ಎಲ್ಲೆಡೆ ಕಾಣುತ್ತದೆ. ಅಂಗಳದಲ್ಲಿ ಓಡಾಡಿ ನಿಧಾನವಾಗಿ ಬೆಳೆಯುವ ಕೋಳಿಯಲ್ಲಿ ಕೊಬ್ಬು ಕಡಮೆಯಿರುವುದು ನಿಜವೇ. ಆದರೆ ಹೋಲಿಕೆಯು ಸಮಾನವಾದವುಗಳ ನಡುವೆ ಆಗಬೇಕು. ಚರ್ಮ ತೆಗೆದ ಬ್ರಾಯ್ಲರಿನ ಎದೆಮಾಂಸದಲ್ಲಿಯೂ ಪ್ರೋಟೀನು ನೂರಕ್ಕೆ 22-23 ಭಾಗ, ಕೊಬ್ಬು ಮೂರಕ್ಕಿಂತ ಕಡಮೆ. ಮಧುಮೇಹ, ಹೃದ್ರೋಗ, ಬಂಜೆತನಗಳಿಗೆ ಈ ಮಾಂಸವು ಮದ್ದೆಂಬ ಪ್ರಚಾರವನ್ನು ನಂಬಿ ವೈದ್ಯರು ಕೊಟ್ಟ ಔಷಧವನ್ನು ನಿಲ್ಲಿಸುವುದು ಅಪಾಯಕರ. ಕಡಕನಾಥವು ಒಳ್ಳೆಯ ಆಹಾರ. ಅಷ್ಟೇ ಹೊರತು ಅದು ಔಷಧಾಲಯವಲ್ಲ.

ಹಣದ ಲೆಕ್ಕ

ಮೇಲೆ ಹೇಳಿದ ನಿಟ್ಟುಸಿರಿನ ಕಾರಣವಿದು. 2019ರಲ್ಲಿ ನಮ್ಮದೇ ಸಾಂಗಲಿ ಜಿಲ್ಲೆಯ ಒಂದು ಖಾಸಗಿ ಕಂಪನಿಯು ಕಡಕನಾಥದ ಹೆಸರಿನಲ್ಲಿ ರೈತರಿಂದ ಹಣ ಸಂಗ್ರಹಿಸಿ ವಂಚಿಸಿತೆಂಬ ಪ್ರಕರಣವು ಹೊರಬಿದ್ದಿತು. ಮರಿ ಕೊಡುವೆವು, ಮೇವು ಕೊಡುವೆವು, ಮೊಟ್ಟೆಯನ್ನೂ ಕೋಳಿಯನ್ನೂ ನಾವೇ ಹೆಚ್ಚಿನ ಬೆಲೆಗೆ ಕೊಳ್ಳುವೆವು ಎಂಬುದು ಕರಾರು. ಮಹಾರಾಷ್ಟ್ರದ ಹಲವು ಜಿಲ್ಲೆಗಳ ಸಾವಿರಾರು ರೈತರು ಹಣ ಕಟ್ಟಿದ್ದರು. ಕೊಳ್ಳುವಿಕೆಯು ನಿಂತಾಗ ಕೋಳಿಗಳಿಗೆ ಮೇವು ಹಾಕುವುದೂ ಕಷ್ಟವಾಗಿ, ಜನರು ಪೋಲೀಸರ ಬಾಗಿಲು ತಟ್ಟಬೇಕಾಯಿತು.

ಇಂತಹ ಕರಾರಿನ ಒಳಗಿನ ಟೊಳ್ಳನ್ನು ತಿಳಿಯಲು ಪಂಡಿತರು ಬೇಕಿಲ್ಲ. ಮನೆಯ ಗೃಹಿಣಿಯೂ ಬೆರಳಲ್ಲಿ ಎಣಿಸಬಹುದು. ಒಂದು ಹೇಂಟೆಯು ವರ್ಷಕ್ಕೆ 80 ಮೊಟ್ಟೆಯಿಟ್ಟು, ಅದರಲ್ಲಿ ಅರ್ಧವೇ ಮರಿಯಾಗಿ ಉಳಿದು, ಆ 40ರಲ್ಲಿ 20 ಹೇಂಟೆಗಳಾದುವೆನ್ನಿ. ಎರಡನೆಯ ವರ್ಷಕ್ಕೆ ಆ 20ರಿಂದ 400, ಮೂರನೆಯ ವರ್ಷಕ್ಕೆ 8,000 ಹೇಂಟೆಗಳು! ಅಪರೂಪವೆಂಬ ಕಾರಣದಿಂದ ಬಂದ ಬೆಲೆಯು ಮೂರು ವರ್ಷವೂ ನಿಲ್ಲಲಾರದು. ತಿನ್ನುವವರಿಗೆ ಮಾರುವ ಬದಲು ಹೊಸದಾಗಿ ಸಾಕುವವರಿಗೇ ಮಾರುತ್ತ ಹೋಗುವ ವ್ಯಾಪಾರವು ಹೊಸಬರು ಸಿಗುವವರೆಗೆ ಮಾತ್ರ ನಡೆದೀತು. ಈ ಪ್ರಸಂಗದಲ್ಲಿ ಕೋಳಿಯ ತಪ್ಪೇನೂ ಇಲ್ಲ.

ರೋಗದ ಭಯವನ್ನೂ ಮರೆಯಬಾರದು. ಕಡಕನಾಥಕ್ಕೆ ರೋಗವೇ ಬಾರದೆಂಬ ಮಾತು ಸುಳ್ಳು. 2021ರ ಜನವರಿಯಲ್ಲಿ ಝಾಬುವಾದ ಒಂದು ಕಡಕನಾಥ ಸಾಕಣೆ ಕೇಂದ್ರಕ್ಕೇ ಹಕ್ಕಿಜ್ವರವು ತಗುಲಿತು. ಕ್ರಿಕೆಟ್ ಆಟಗಾರ ಮಹೇಂದ್ರಸಿಂಗ ಧೋನಿಯವರ ರಾಂಚಿಯ ತೋಟಕ್ಕೆ 2,000 ಮರಿಗಳನ್ನು ಕಳುಹಿಸಬೇಕಾಗಿದ್ದುದು ಆ ಕೇಂದ್ರದಿಂದಲೇ. ಹಳ್ಳಿಗರು ಕೊಕ್ಕರೆ ರೋಗವೆಂದು ಕರೆಯುವ ರಾಣೀಖೇತ ರೋಗಕ್ಕೆ ಇದೂ ತುತ್ತಾಗಬಹುದು. ಲಸಿಕೆಯನ್ನು ತಪ್ಪಿಸತಕ್ಕದ್ದಲ್ಲ.

ಹಾಗಾದರೆ ಕಡಕನಾಥವನ್ನು ಸಾಕಲೇಬಾರದೆ? ಹಾಗೆ ನಾವು ಹೇಳುವುದಿಲ್ಲ. ಹಿತ್ತಿಲಲ್ಲಿ ಜಾಗವಿದ್ದವರು ಹತ್ತು ಹದಿನೈದು ಮರಿಗಳನ್ನು ತಂದು, ಕಾವಿಗೆ ಕೂರುವ ಒಂದೆರಡು ಜವಾರಿ ಹೇಂಟೆಗಳನ್ನು ಜೊತೆಗಿರಿಸಿಕೊಂಡು, ಕಡಕನಾಥಕ್ಕೆ ಅದರದೇ ಹುಂಜವನ್ನು ಬೇರೆಯಾಗಿ ಕೂಡಿಹಾಕಿ ನೋಡಬಹುದು. ಕೊಳ್ಳುವವರು ತಮ್ಮ ಊರಿನಲ್ಲಿಯೇ ಇದ್ದಾರೆಯೇ ಎಂದು ವಿಚಾರಿಸಿದ ಮೇಲೆಯೇ ಸಂಖ್ಯೆಯನ್ನು ಹೆಚ್ಚಿಸಬೇಕು. ಸಾಲ ಮಾಡಿ, ಹೊಲ ಒತ್ತೆಯಿಟ್ಟು, ಮುದ್ರಿತ ಕರಾರುಪತ್ರವನ್ನು ನಂಬಿ ಸಾವಿರ ಕೋಳಿಗಳನ್ನು ತರಬೇಡಿರಿ. ಭಿಲ್ಲರ ಮುದುಕಿಯರು ಅದನ್ನು ಅಂಗಳದಲ್ಲಿ ಬಿಟ್ಟು, ಕಾಳು ಚೆಲ್ಲಿ, ಸಂಜೆಗೆ ಬುಟ್ಟಿಯಡಿ ಕವುಚಿ ಸಲಹಿದ ರೀತಿಯಲ್ಲಿಯೇ ಈ ಪಕ್ಷಿಯು ಶತಮಾನಗಳ ಕಾಲ ಉಳಿದು ಬಂದಿದೆ. ಇನ್ನು ಮುಂದೆಯೂ ಅದು ಉಳಿಯಬೇಕಾದರೆ ಅದೇ ರೀತಿಯೇ ಸುರಕ್ಷಿತವಾದುದು.