ಇಂಧನ ಮಾಪಕ

ಇಂಧನ ಮಾಪಕವು (ಫ್ಯೂಯೆಲ್ ಗೇಜ್) ವಾಹನದ ಟ್ಯಾಂಕಿನಲ್ಲಿ ಉಳಿದಿರುವ ಪೆಟ್ರೋಲ್ ಅಥವಾ ಡೀಸೆಲ್‌ನ ಮಟ್ಟವನ್ನು ಚಾಲಕನಿಗೆ ತೋರಿಸುವ ಉಪಕರಣ. ಟ್ಯಾಂಕಿನೊಳಗಿನ ಸಂವೇದಕ, ಚಾಲಕನ ಮುಂದಿನ ಫಲಕದಲ್ಲಿರುವ ಸೂಚಕ ಹಾಗೂ ಇವೆರಡನ್ನು ಜೋಡಿಸುವ ವೈರಿಂಗ್ ಇದರ ಮೂರು ಮುಖ್ಯ ಭಾಗಗಳು. ಮಾಪಕ ಕೆಟ್ಟಾಗ ದೋಷವು ಈ ಮೂರರಲ್ಲಿ ಎಲ್ಲಿದೆ ಎಂಬುದನ್ನು ಮೊದಲು ನಿರ್ಧರಿಸಬೇಕಾಗುತ್ತದೆ.

ರಚನೆ ಮತ್ತು ಕಾರ್ಯವಿಧಾನ

ಸಂವೇದಕದಲ್ಲಿ ಇಂಧನದ ಮೇಲೆ ತೇಲುವ ಫ್ಲೋಟ್ ಇರುತ್ತದೆ. ಅದು ಏರಿಳಿದಂತೆ, ಅದಕ್ಕೆ ಜೋಡಿಸಿದ ತೋಳಿನ ಇನ್ನೊಂದು ತುದಿಯ ಸಂಪರ್ಕಪಟ್ಟಿಯು ರೋಧಕದ ಮೇಲೆ ಜಾರುತ್ತದೆ. ಇದರಿಂದ ಮಂಡಲದ ವಿದ್ಯುತ್ ರೋಧ ಬದಲಾಗುತ್ತದೆ. ರೋಧದ ಮೌಲ್ಯಗಳು ಎಲ್ಲ ವಾಹನಗಳಲ್ಲಿ ಒಂದೇ ಅಲ್ಲ. ಅಮೆರಿಕದ ಒಂದು ಪ್ರಚಲಿತ ಮಾನದಲ್ಲಿ ಖಾಲಿ ಟ್ಯಾಂಕಿಗೆ 240 ಓಮ್, ತುಂಬಿದ ಟ್ಯಾಂಕಿಗೆ 33 ಓಮ್ ಇದ್ದರೆ, ಯುರೋಪಿನ ಒಂದು ಮಾನದಲ್ಲಿ ಕ್ರಮವಾಗಿ 10 ಮತ್ತು 180 ಓಮ್ ಇರುತ್ತದೆ. ಆದುದರಿಂದ ಒಂದು ಮಾದರಿಯ ಸಂವೇದಕವನ್ನು ಇನ್ನೊಂದಕ್ಕೆ ಜೋಡಿಸಿದರೆ ಮುಳ್ಳು ತಪ್ಪು ಅಥವಾ ತಲೆಕೆಳಗಾದ ಮಟ್ಟವನ್ನು ತೋರಿಸಬಹುದು.

ಹಳೆಯ ಸೂಚಕಗಳಲ್ಲಿ ವಿದ್ಯುತ್ತಿನಿಂದ ಬಿಸಿಯಾಗಿ ಬಾಗುವ ದ್ವಿಲೋಹ ಪಟ್ಟಿಯು ಮುಳ್ಳನ್ನು ನಿಧಾನವಾಗಿ ಚಲಿಸುತ್ತದೆ. ಅನಂತರದ ಸೂಚಕಗಳಲ್ಲಿ ಸುರುಳಿಗಳ ಕಾಂತಕ್ಷೇತ್ರವು ಈ ಕೆಲಸ ಮಾಡುತ್ತದೆ. ಇಂದಿನ ಕಾರುಗಳಲ್ಲಿ ಸಂವೇದಕದ ಸಂಕೇತವನ್ನು ಎಲೆಕ್ಟ್ರಾನಿಕ್ ಘಟಕವೊಂದು ಓದಿ, ಇಂಧನದ ತುಳುಕಾಟವನ್ನು ಸರಾಸರಿಗೊಳಿಸಿ ತೋರಿಸುತ್ತದೆ. ಟ್ಯಾಂಕಿನ ಆಕಾರ ಒಂದೇ ಸಮನಾಗಿಲ್ಲದ ಕಾರಣ ಮುಳ್ಳು ಅರ್ಧದಲ್ಲಿದ್ದರೂ ಇಂಧನವು ನಿಖರವಾಗಿ ಅರ್ಧ ಇರಬೇಕೆಂದಿಲ್ಲ.

ದೋಷದ ಕಾರಣಗಳು

ರೋಧಕದ ಸವೆತ, ಸಂಪರ್ಕಬಿಂದುಗಳ ಮೇಲೆ ಕಿಲುಬು, ತೂತು ಬಿದ್ದು ಮುಳುಗಿದ ಫ್ಲೋಟ್, ಬಾಗಿದ ತೋಳು, ತುಂಡಾದ ವೈರ್ ಮತ್ತು ಸಡಿಲವಾದ ಅರ್ಥಿಂಗ್ ಸಾಮಾನ್ಯ ಕಾರಣಗಳು. ಇಂಧನದ ಗುಣಮಟ್ಟವೂ ಕಾರಣವಾಗಬಲ್ಲದು: 2004ರಲ್ಲಿ ಅಮೆರಿಕದ ಫ್ಲೋರಿಡಾ ಮೊದಲಾದ ರಾಜ್ಯಗಳಲ್ಲಿ ಮಾರಾಟವಾದ ಪೆಟ್ರೋಲ್‌ನಲ್ಲಿದ್ದ ಗಂಧಕದ ಅಂಶವು ಸಂವೇದಕಗಳ ಬೆಳ್ಳಿಯ ಸಂಪರ್ಕಗಳನ್ನು ಕೆಡಿಸಿತ್ತು.

ದೋಷ ಪತ್ತೆ

1. ಇಂಧನದೊಂದಿಗೆ ಉಷ್ಣತಾ ಮಾಪಕವೂ ಕೆಟ್ಟಿದ್ದರೆ ಫ್ಯೂಸ್, ಫಲಕದ ವಿದ್ಯುತ್ ಪೂರೈಕೆ ಅಥವಾ ಹಳೆಯ ಕಾರುಗಳಲ್ಲಿನ ವೋಲ್ಟೇಜ್ ಸ್ಥಿರಕಾರಿಯನ್ನು ಮೊದಲು ಪರೀಕ್ಷಿಸಬೇಕು.

2. ಇಂಧನ ಮಾಪಕ ಮಾತ್ರ ಕೆಟ್ಟಿದ್ದರೆ ಟ್ಯಾಂಕಿನ ಬಳಿಯ ಕನೆಕ್ಟರ್ ಬಿಡಿಸಿ, ಕೀಲಿಯನ್ನು ಆನ್ ಮಾಡಿ ಮುಳ್ಳಿನ ಸ್ಥಾನವನ್ನು ಗಮನಿಸಬೇಕು. ಬಳಿಕ ಸಂಕೇತದ ವೈರನ್ನು ಕ್ಷಣಕಾಲ ವಾಹನದ ಲೋಹದ ಚೌಕಟ್ಟಿಗೆ ಮುಟ್ಟಿಸಬೇಕು. ಮುಳ್ಳು ಒಂದು ತುದಿಯಿಂದ ಇನ್ನೊಂದಕ್ಕೆ ಸರಿದರೆ ಸೂಚಕ ಮತ್ತು ವೈರ್ ಸರಿಯಿವೆ. ದೋಷವು ಸಂವೇದಕದಲ್ಲಿ ಅಥವಾ ಅದರ ಅರ್ಥಿಂಗ್‌ನಲ್ಲಿದೆ. ಸರಿಯದಿದ್ದರೆ ವೈರ್ ಅಥವಾ ಸೂಚಕ ಕೆಟ್ಟಿದೆ. ಎಲೆಕ್ಟ್ರಾನಿಕ್ ಫಲಕವಿರುವ ಕಾರುಗಳಲ್ಲಿ ಈ ವಿಧಾನ ಸಲ್ಲದು; ತಯಾರಕರ ಕೈಪಿಡಿಯಂತೆ ಸ್ಕ್ಯಾನರ್ ಅಥವಾ ನಿಗದಿತ ರೋಧಕವನ್ನು ಬಳಸಬೇಕು.

3. ಸಂವೇದಕದ ಅರ್ಥಿಂಗ್ ವೈರ್ ಮತ್ತು ಚೌಕಟ್ಟಿನ ನಡುವಿನ ರೋಧವು ಮಲ್ಟಿಮೀಟರಿನಲ್ಲಿ ಬಹುತೇಕ ಶೂನ್ಯವಿರಬೇಕು.

4. ಸಂವೇದಕವನ್ನು ಹೊರತೆಗೆದು ತೋಳನ್ನು ನಿಧಾನವಾಗಿ ಎತ್ತಿ ಇಳಿಸಿದಾಗ ರೋಧವು ಸರಾಗವಾಗಿ ಬದಲಾಗಬೇಕು. ನಡುವೆ ಸಂಪರ್ಕ ತಪ್ಪಿದರೆ ಆ ಜಾಗದಲ್ಲಿ ರೋಧಕ ಸವೆದಿದೆ. ಫ್ಲೋಟನ್ನು ಅಲುಗಾಡಿಸಿದಾಗ ಒಳಗೆ ದ್ರವದ ಸದ್ದು ಕೇಳಿದರೆ ಅದು ತೂತಾಗಿದೆ.

ದುರಸ್ತಿ ಮತ್ತು ಸುರಕ್ಷತೆ

ಕಿಲುಬನ್ನು ಸ್ವಚ್ಛಗೊಳಿಸುವುದು ಹಾಗೂ ಅರ್ಥಿಂಗ್ ಬಿಗಿಗೊಳಿಸುವುದು ಅಗ್ಗದ ಪರಿಹಾರಗಳು. ಆದ್ದರಿಂದ ಹೊಸ ಬಿಡಿಭಾಗ ಕೊಳ್ಳುವ ಮುನ್ನ ಇವನ್ನು ಮಾಡುವುದು ಉಚಿತ. ಸವೆದ ರೋಧಕಕ್ಕೆ ಸಂವೇದಕದ ಬದಲಾವಣೆಯೇ ಬಾಳಿಕೆಯ ಪರಿಹಾರ. ಇಂಜೆಕ್ಷನ್ ಎಂಜಿನ್ನಿನ ಅನೇಕ ಕಾರುಗಳಲ್ಲಿ ಪಂಪ್ ಮತ್ತು ಸಂವೇದಕ ಒಂದೇ ಘಟಕದಲ್ಲಿದ್ದು, ಹಿಂದಿನ ಸೀಟಿನ ಕೆಳಗಿನ ಮುಚ್ಚಳದ ಮೂಲಕ ಅದನ್ನು ತೆಗೆಯಬಹುದು. ಮರುಜೋಡಣೆಯಲ್ಲಿ ಹೊಸ ಸೀಲ್ ಬಳಸಬೇಕು.

ಪೆಟ್ರೋಲ್ ಆವಿಯು ಗಾಳಿಗಿಂತ ಭಾರವಾಗಿದ್ದು ತಗ್ಗಿನಲ್ಲಿ ಸೇರಿಕೊಳ್ಳುತ್ತದೆ. ಆದುದರಿಂದ ಗ್ಯಾರೇಜಿನ ಗುಂಡಿಯ ಮೇಲೆ ವಾಹನ ನಿಲ್ಲಿಸಿ ಟ್ಯಾಂಕನ್ನು ತೆರೆಯಬಾರದು. ಟ್ಯಾಂಕಿನಲ್ಲಿ ಇಂಧನ ಕಡಿಮೆ ಇರುವಾಗ, ಗಾಳಿಯಾಡುವ ಸ್ಥಳದಲ್ಲಿ, ಇಂಧನ ಕೊಳವೆಯ ಒತ್ತಡ ಇಳಿಸಿ, ಬ್ಯಾಟರಿಯ ಋಣ ತುದಿಯನ್ನು ಬಿಡಿಸಿದ ನಂತರವೇ ಕೆಲಸ ಆರಂಭಿಸಬೇಕು. ಒಣ ಪುಡಿಯ ಅಗ್ನಿಶಾಮಕ ಕೈಗೆಟುಕುವಂತಿರಬೇಕು. ಪೆಟ್ರೋಲ್ ಹೊಕ್ಕ ಹಿತ್ತಾಳೆಯ ಫ್ಲೋಟಿಗೆ ಬೆಸುಗೆ ಹಾಕುವುದು ಸ್ಫೋಟಕ್ಕೆ ಕಾರಣವಾಗಬಹುದು.

ಮಹತ್ವ

ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ಮಾರ್ಗವಾಗಿ ಅಂಕೋಲಾಕ್ಕೆ ಸಾಗುವ ರಾಷ್ಟ್ರೀಯ ಹೆದ್ದಾರಿ 52 ಅರಬೈಲ್ ಘಟ್ಟವನ್ನು ಇಳಿಯುತ್ತದೆ. ಇಂತಹ ಕಾಡಿನ ದಾರಿಯಲ್ಲಿ ಇಂಧನ ಮುಗಿದರೆ ಅಪಾಯ ಹೆಚ್ಚು: ಎಂಜಿನ್ ನಿಂತಾಗ ಬ್ರೇಕ್ ಮತ್ತು ಸ್ಟೀರಿಂಗ್‌ಗೆ ದೊರೆಯುವ ಶಕ್ತಿಯ ನೆರವು ತಪ್ಪುತ್ತದೆ. ಇಳಿಜಾರಿನಲ್ಲಿ ಇಂಧನವು ಟ್ಯಾಂಕಿನ ಒಂದು ಬದಿಗೆ ಸರಿಯುವುದರಿಂದ ಸರಿಯಿರುವ ಮಾಪಕವೂ ತಾತ್ಕಾಲಿಕವಾಗಿ ಹೆಚ್ಚು ಕಡಿಮೆ ತೋರಿಸಬಹುದು. ಟ್ಯಾಂಕಿನೊಳಗಿನ ಪಂಪನ್ನು ಇಂಧನವೇ ತಂಪಾಗಿಸುವುದರಿಂದ ಪದೇ ಪದೇ ಖಾಲಿ ಟ್ಯಾಂಕಿನಲ್ಲಿ ಓಡಿಸಿದರೆ ಪಂಪೂ ಕೆಡುತ್ತದೆ. ಅನೇಕ ಕಾರುಗಳಲ್ಲಿ ಎಚ್ಚರಿಕೆಯ ದೀಪವು ಅದೇ ಸಂವೇದಕವನ್ನು ಅವಲಂಬಿಸಿರುವುದರಿಂದ ದುರಸ್ತಿಯಾಗುವವರೆಗೆ ದೀಪವನ್ನು ನಂಬದೆ, ಟ್ಯಾಂಕ್ ತುಂಬಿಸಿ ಕ್ರಮಿಸಿದ ಕಿಲೋಮೀಟರ್‌ಗಳನ್ನು ಲೆಕ್ಕವಿಡುವುದು ಸುರಕ್ಷಿತ.

ಮುಳ್ಳು ಏರಲಿಲ್ಲವೆಂಬ ಕಾರಣಕ್ಕೆ ಪೆಟ್ರೋಲ್ ಬಂಕಿನಲ್ಲಿ ಅಳತೆ ಕಡಿಮೆಯಾಗಿದೆ ಎಂದು ತೀರ್ಮಾನಿಸಲಾಗದು. ಸಂಶಯವಿದ್ದಲ್ಲಿ ಗ್ರಾಹಕರು ಬಂಕಿನಲ್ಲಿರುವ ಮುದ್ರಾಂಕಿತ 5 ಲೀಟರ್ ಅಳತೆಪಾತ್ರೆಯಿಂದ ಪರೀಕ್ಷಿಸಲು ಕೇಳಬಹುದು. ವ್ಯತ್ಯಾಸ ಕಂಡುಬಂದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ನೀಡಬಹುದು.