ಹದಿನೇಳು ವರ್ಷ, ಒಂದೇ ಸೀಮೆ

ಇಂಗ್ಲೆಂಡಿನ ನೈಋತ್ಯ ಮೂಲೆಯಲ್ಲಿರುವ ಡೆವನ್ ಕೌಂಟಿಯ ಉತ್ತರ ಭಾಗ ದಿಬ್ಬ-ಕಣಿವೆಗಳ ನಾಡು. ದನ-ಕುರಿ ಸಾಕಿ ಬದುಕುವ ಸಣ್ಣ ಹಿಡುವಳಿಗಳ ಸೀಮೆ. 1972ರಲ್ಲಿ ಅಲ್ಲಿನ ಬೀಫರ್ಡ್ ಕಲಾಕೇಂದ್ರ, ಸುತ್ತಲ ಹಳ್ಳಿಗಳ ದಿನನಿತ್ಯದ ಬದುಕನ್ನು ಫೋಟೊಗಳಲ್ಲಿ ದಾಖಲಿಸುವ ಕೆಲಸವನ್ನು ಛಾಯಾಗ್ರಾಹಕ ಜೇಮ್ಸ್ ರವಿಲಿಯಸ್ ಅವರಿಗೆ ಒಪ್ಪಿಸಿತು. ಅವರು ಅದನ್ನು 17 ವರ್ಷ ಮಾಡಿದರು. 70,000ಕ್ಕೂ ಹೆಚ್ಚು ಕಪ್ಪು-ಬಿಳುಪು ಚಿತ್ರಗಳು ‘ಬೀಫರ್ಡ್ ಆರ್ಕೈವ್’ ಎಂಬ ಸಂಗ್ರಹಕ್ಕೆ ಸೇರಿದವು. ಬೇಸಾಯದ ಬದುಕು ಬಂದುಹೋಗುವವರ ಕಣ್ಣಿಗೆ ಪೂರ್ತಿ ಕಾಣುವಂಥದ್ದಲ್ಲ, ಅಲ್ಲೇ ನೆಲೆ ನಿಂತವರಿಗೆ ಮಾತ್ರ ಅದು ತೆರೆದುಕೊಳ್ಳುತ್ತದೆ ಎಂಬ ಮಾತಿಗೆ ಈ ಸಂಗ್ರಹವೇ ಸಾಕ್ಷಿ.

ರವಿಲಿಯಸ್ ಡಾಲ್ಟನ್ ಎಂಬ ಊರಿನ ಬಳಿಯೇ ಮನೆ ಮಾಡಿದರು. ನೆರೆಯ ರೈತನೊಬ್ಬ ಕುರಿಗಳ ಮೇವಿಗೆಂದು ಐವಿ ಬಳ್ಳಿಯ ಹೊರೆ ಹೊತ್ತು ತರುವುದು, 1978ರ ಹಿಮಗಾಳಿಯಲ್ಲಿ ಕುರಿಮರಿಯೊಂದನ್ನು ಕಾಪಾಡಿ ತರುವುದು, ಹುಲ್ಲಿನ ಕೊಯ್ಲು, ಕೊಟ್ಟಿಗೆಯ ಕೆಲಸ, ವೈದ್ಯರು ಹಳ್ಳಿಯ ರೋಗಿಯ ಮನೆಗೆ ಬರುವುದು ಇವೆಲ್ಲ ಅವರ ಚಿತ್ರಗಳಲ್ಲಿವೆ. ಇವು ಹೇಳಿ ಮಾಡಿಸುವ ದೃಶ್ಯಗಳಲ್ಲ. ಕುರಿ ಈಯುವ ಹೊತ್ತನ್ನು ಯಾರೂ ಗೊತ್ತುಮಾಡಲಾರರು. ಹಿಮ ಬಿದ್ದ ಮೇಲೆ ದೂರದಿಂದ ಹೊರಟವರು ಹೊಲ ಮುಟ್ಟುವುದೂ ಕಷ್ಟ. ಪರಿಚಯದ ನೆರೆಯವನು ಬಂದರೆ ಕೆಲಸದ ಕೈ ನಿಲ್ಲುವುದಿಲ್ಲ, ದನವೂ ಬೆದರುವುದಿಲ್ಲ.

ಬಣ್ಣವಿಲ್ಲದೆ ಋತುಗಳನ್ನು ಹೇಗೆ ತೋರಿಸುವುದು ಎಂದು ಕೇಳಬಹುದು. ಹಸಿರು, ಹೊಂಬಣ್ಣಗಳು ನಿಜಕ್ಕೂ ಕಳೆದುಹೋಗುತ್ತವೆ. ಆದರೆ ರೈತನಿಗೆ ಋತು ಎಂದರೆ ಮೊದಲು ಕೆಲಸ, ಆಮೇಲೆ ಬಣ್ಣ. ಯಾವ ಮೇವು ಹಾಕುತ್ತಿದ್ದಾನೆ, ದನ ಬಯಲಲ್ಲಿದೆಯೋ ಕೊಟ್ಟಿಗೆಯಲ್ಲೋ, ನೆರಳು ಎಷ್ಟು ಉದ್ದವಾಗಿದೆ ಎಂಬುದರಲ್ಲೇ ತಿಂಗಳು ತಿಳಿಯುತ್ತದೆ. ರವಿಲಿಯಸ್ ಲೈಕಾ ಕ್ಯಾಮೆರಾಕ್ಕೆ ಲೇಪನವಿಲ್ಲದ ಹಳೆಯ ಲೆನ್ಸುಗಳನ್ನು ಹಾಕಿ, ಅನೇಕ ಸಲ ಬೆಳಕಿಗೆ ಎದುರಾಗಿಯೇ ಚಿತ್ರ ತೆಗೆಯುತ್ತಿದ್ದರು. ಆ ಲೆನ್ಸುಗಳು ಕಪ್ಪು-ಬಿಳುಪಿನ ಕಟುತ್ವವನ್ನು ತಗ್ಗಿಸುವುದರಿಂದ ಮಂಜು, ತೇವ, ಇಳಿಬಿಸಿಲುಗಳ ನಡುವಣ ನಸುಬೂದು ಛಾಯೆಗಳು ಉಳಿಯುತ್ತವೆ.

ಇದು ಮರೆಯಾಗುತ್ತಿರುವ ಹಳ್ಳಿಯ ಮೇಲಿನ ಹಂಬಲವಷ್ಟೇ, ಬಡತನಕ್ಕೆ ಚೆಲುವಿನ ಹೊದಿಕೆ ಎಂಬ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಒಂದೇ ಚಿತ್ರವನ್ನು ಕಿತ್ತು ಗೋಡೆಗೆ ತೂಗುಹಾಕಿದರೆ ಆ ಅಪಾಯ ಇದ್ದೇ ಇದೆ. ಸಾವಿರಾರು ಚಿತ್ರಗಳನ್ನು ಊರು, ಇಸವಿಗಳ ಸಮೇತ ಸಾಲಾಗಿ ನೋಡಿದಾಗ ಕೆಸರು, ದಣಿವು, ಮುಪ್ಪು ಮತ್ತೆ ಮತ್ತೆ ಎದುರಾಗುತ್ತವೆ. ಹಂಬಲಕ್ಕೆ ಅಲ್ಲಿ ಹೆಚ್ಚು ಹೊತ್ತು ನಿಲ್ಲಲಾಗದು. ಈಗ ಎಲ್ಲರ ಜೇಬಿನಲ್ಲೂ ಮೊಬೈಲ್ ಕ್ಯಾಮೆರಾ ಇದೆ, ಚಿತ್ರಗಳಿಗೆ ಬರವಿಲ್ಲ. ಆದರೆ ಯಾರು, ಎಲ್ಲಿ, ಯಾವಾಗ ಎಂದು ಬರೆದಿಡದ ಚಿತ್ರ ಒಂದು ತಲೆಮಾರು ದಾಟುವಷ್ಟರಲ್ಲಿ ಅನಾಥವಾಗುತ್ತದೆ. ರವಿಲಿಯಸ್ ಹಳ್ಳಿಯವರ ಮನೆಗಳಲ್ಲಿದ್ದ ಹಳೆಯ ಫೋಟೊಗಳನ್ನೂ ನಕಲು ತೆಗೆದು ಅದೇ ಸಂಗ್ರಹಕ್ಕೆ ಸೇರಿಸಿದರು. ಅದರಿಂದಾಗಿ ಅಜ್ಜ ಮೇಯಿಸಿದ ಬಯಲೂ ಮೊಮ್ಮಗ ಮೇಯಿಸುವ ಬಯಲೂ ಒಂದೇ ಕಡೆ ನೋಡಲು ಸಿಗುವಂತಾಯಿತು.